ಜಾಡಿಗೆ ಬಿದ್ದ ತೀರ್ಥ

ಪೂರ್ಣಯ್ಯ ಗುರುಗಳಿಗೆ ಸಿಟ್ಟು ಬರುವುದೇ ಅಪರೂಪ. ಬಂತೆಂದರೆ ಕಾರಣ ಶಿಷ್ಯ ಮಹಾಬಲನೇ.

ಮಹಾಬಲನಿಗೆ ಮಡಿಯ ಹುಚ್ಚು. ಮಾತೆತ್ತಿದರೆ ಹೊಳೆಗೆ ಓಡಬೇಕು, ಮುಳುಗಬೇಕು, ತೊಟ್ಟಿಕ್ಕುವ ಪಂಚೆಯಲ್ಲೇ ಆಶ್ರಮವೆಲ್ಲ ಓಡಾಡಬೇಕು. ಹೇಳಿ ಹೇಳಿ ಗುರುಗಳ ಗಂಟಲು ಒಣಗಿತ್ತೇ ಹೊರತು ಅವನ ಪಂಚೆ ಒಣಗಿರಲಿಲ್ಲ. ಬರುವ ಹುಣ್ಣಿಮೆಗೆ ಅವನಿಗೆ ದೀಕ್ಷೆ ಕೊಡುವ ಮಾತು ಬೇರೆ ಆಗಿಹೋಗಿತ್ತು.

ಮಳೆಗಾಲದಲ್ಲಿ ಹೊಳೆ ತುಂಬಿದರೆ ಆಶ್ರಮಕ್ಕೆ ಸೊಪ್ಪಿಲ್ಲ, ತರಕಾರಿಯಿಲ್ಲ. ಗಂಜಿಗೆ ಮಾವಿನಕಾಯಿ ಉಪ್ಪಿನಕಾಯಿ, ಅಷ್ಟೇ. ಅದಕ್ಕೇ ಬೇಸಿಗೆಯಲ್ಲಿ ಗುರುಗಳು ತಾವೇ ಕೂತು ಕಾಯಿ ಒರೆಸಿ, ಉಪ್ಪು, ಖಾರದಪುಡಿ, ಸಾಸಿವೆ, ಇಂಗು, ಎಣ್ಣೆ ಬೆರೆಸಿ, ಎರಡು ದೊಡ್ಡ ಜಾಡಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿದ್ದರು. ಹೋಳು ಹೆಚ್ಚಿಕೊಟ್ಟವಳು ದೋಣಿ ನಡೆಸುವ ಹೊನ್ನವ್ವ. ಅವಳ ಮನೆಗೂ ಒಂದು ಪುಟ್ಟ ಜಾಡಿ ಹೋಗಿತ್ತು.

ಮಳೆ ಹಿಡಿಯಿತು. ಗುರುಗಳು ಮೊದಲ ಜಾಡಿಯ ಬಟ್ಟೆ ಬಿಚ್ಚಿದರು. ಬೆಳ್ಳಗೆ ಬೂಷ್ಟು. ಎರಡನೆಯದು ಬಿಚ್ಚಿದರು. ಅದರಲ್ಲೂ ಬೂಷ್ಟು.

"ಅಯ್ಯೋ ನನ್ನ ಕರ್ಮವೇ! ಇದಕ್ಕೆ ನೀರು ಯಾರು ಹಾಕಿದರು?"

"ನೀರಲ್ಲ ಗುರುಗಳೇ, ತೀರ್ಥ," ಎಂದ ಮಹಾಬಲ.

"ಏನಂದೆ?"

"ಹೊನ್ನವ್ವ ಮುಟ್ಟಿ ಹೆಚ್ಚಿದ ಹೋಳು. ಹಾಗೇ ತಿನ್ನೋದು ಹೇಗೆ? ಮುಳುಗು ಹಾಕಿ ಬಂದು, ಮಂತ್ರ ಹೇಳಿ, ಎರಡಕ್ಕೂ ಒಂದೊಂದು ಬೊಗಸೆ ತೀರ್ಥ ಹಾಕಿ ಶುದ್ಧ ಮಾಡಿದೆ. ಆದರೂ ಕೆಟ್ಟಿದೆ ನೋಡಿ. ಅವಳ ಕೈದೋಷ ಎಷ್ಟಿರಬೇಕು!"

ಗುರುಗಳು ಹಣೆ ಚಚ್ಚಿಕೊಂಡರು.

"ಬಾಯಿ ಮುಚ್ಚಿಕೊಂಡು ಗಂಜಿ ಬಡಿಸು."

ಅಲ್ಲಿಂದ ಬರೀ ಗಂಜಿ. ಬೆಳಿಗ್ಗೆಯೂ ಗಂಜಿ, ಸಂಜೆಯೂ ಗಂಜಿ. ಮಹಾಬಲನ ನಾಲಿಗೆ ಸತ್ತೇಹೋಯಿತು.

ಹೊಳೆ ಕೊಂಚ ಇಳಿದ ದಿನ, ಸುದ್ದಿ ಕೇಳಿದ ಹೊನ್ನವ್ವ ಸೆರಗಿನಲ್ಲಿ ಜಾಡಿ ಮುಚ್ಚಿಕೊಂಡು ಬಂದಳು.

"ಅಯ್ನೋರೇ, ನಿಮ್ದು ಕೆಟ್ಟೋಯ್ತಂತೆ. ನಾವು ಒಂಚೂರು ತಿಂದಿದ್ದೀವಿ, ಉಳಿದದ್ದು ಇಟ್ಕಳಿ."

ಗುರುಗಳು ಬಟ್ಟೆ ಬಿಚ್ಚಿದರು. ಇಂಗಿನ ಘಮ ಜಗಲಿಯ ತುಂಬ ಹರಡಿತು. ಕೆಂಪಗೆ ಎಣ್ಣೆ ತೇಲುತ್ತಿತ್ತು, ಬೂಷ್ಟಿನ ಸುಳಿವಿಲ್ಲ.

ಮಹಾಬಲನ ಬಾಯಲ್ಲಿ ನೀರೂರಿತು. ಜಾಡಿ ನೋಡಿದ, ಹೊನ್ನವ್ವನ ಕೈ ನೋಡಿದ.

"ಇದು ಹೇಗೆ ಕೆಡಲಿಲ್ಲ, ಗುರುಗಳೇ?"

"ಇದಕ್ಕೆ ಯಾರೂ ಮಂತ್ರ ಹೇಳಲಿಲ್ಲ."

ಮಹಾಬಲ ತಲೆ ತಗ್ಗಿಸಿದ. ನಾಚಿಕೆಯಿಂದ ಅವನ ಕಣ್ಣು ತುಂಬಿತು.

"ತಪ್ಪಾಯಿತು, ಹೊನ್ನವ್ವ. ಗುರುಗಳೇ, ಈಗ ಅರ್ಥವಾಯಿತು. ಅವಳು ತಂದದ್ದನ್ನು ಅವಳೆದುರೇ ತಿನ್ನುತ್ತೇನೆ."

ಸದ್ಯ, ಈ ಮೊದ್ದಿಗೆ ಕೊನೆಗೂ ಬುದ್ಧಿ ಬಂತಲ್ಲ ಎಂದು ಗುರುಗಳ ಮುಖ ಅರಳಿತು. ಹುಣ್ಣಿಮೆಗೆ ದೀಕ್ಷೆ ಕೊಟ್ಟೇಬಿಡೋಣ ಅಂತಲೂ ಅನ್ನಿಸಿತು.

"ಒಂದು ಗಳಿಗೆ ಇರಿ, ಬಂದೆ," ಎಂದವನೇ ಮಹಾಬಲ ಹೊಳೆಯ ಕಡೆ ಓಡಿದ.

ಬಂದಾಗ ಜುಟ್ಟಿನಿಂದ ನೀರು, ಮೊಣಕೈಯಿಂದ ನೀರು, ಪಂಚೆಯಿಂದ ನೀರು. ಅದೇ ಕೈಯನ್ನು ಸೀದಾ ಜಾಡಿಯ ಕಡೆ ಚಾಚಿದ.

"ಇನ್ನು ನನಗೆ ದೀಕ್ಷೆ ಕೊಡಬಹುದಲ್ಲವೇ, ಗುರುಗಳೇ?"

ಗುರುಗಳು ಜಾಡಿಯನ್ನು ಎದೆಗವಚಿಕೊಂಡು ಹಿಂದೆ ಸರಿದರು.

"ಮೊದಲು ಒಣಗು, ಮಾರಾಯಾ!"