ಪಾಲಾಕ್ಷಪ್ಪನವರ ಕತ್ತು, ಮಗಳ ಫಿಸಿಕ್ಸು

ನಗರಸಭೆ ಸದಸ್ಯ ಪಾಲಾಕ್ಷಪ್ಪನವರು ಕತ್ತುನೋವೆಂದು ಮಗಳನ್ನೂ ಕರೆದುಕೊಂಡು ಫಿಸಿಯೋಥೆರಪಿ ಕಾಲೇಜಿಗೆ ಬಂದಿದ್ದರು. ಗದ್ದಕ್ಕೆ ಪಟ್ಟಿ ಬಿಗಿದು, ರಾಟೆಯ ಹಗ್ಗಕ್ಕೆ ತೂಕ ಕಟ್ಟಿ ಕತ್ತು ಎಳೆಯುವ ಚಿಕಿತ್ಸೆ. ಪಟ್ಟಿ ಬಿಗಿಸಿಕೊಂಡೇ ಗುಡುಗಿದರು: "ನನ್ನ ಮಗಳು ಪಿಯುಸಿಲಿ ಫಿಸಿಕ್ಸ್ ತಗೊಳ್ಳಲ್ಲ. ಆದ್ರೂ ಇಲ್ಲಿ ಸೀಟು ಕೊಡ್ಬೇಕು. ಕೈಕಾಲು ತಿಕ್ಕೋಕೆ ಫಿಸಿಕ್ಸ್ ಯಾಕ್ರೀ?"

ಪಕ್ಕದಲ್ಲೇ ನಿಂತಿದ್ದ ಪ್ರಿನ್ಸಿಪಾಲರು ಫಿಸಿಕ್ಸ್ ಕಡ್ಡಾಯವೆಂದು ಹೇಳಲು ಹೋದರು. ಆಯಾ ಹನುಮಕ್ಕ ತಲೆಯಾಡಿಸಿದಳು. "ಅಲ್ವಾ ಮತ್ತೆ ಸಾರ್! ಬಾರವ್ವ, ನಿಮ್ಮಪ್ಪಂಗೆ ತೂಕ ನೀನೇ ಕಟ್ಟು. ನಿಂಗೆ ತೋಚಿದಷ್ಟು."

ಮಗಳು ಖುಷಿಯಿಂದ ಇದ್ದುದರಲ್ಲೇ ದೊಡ್ಡ ಕಬ್ಬಿಣದ ತೂಕ ಎತ್ತಿಕೊಂಡಳು. "ಅಪ್ಪಾ, ಇದೊಂದು ಸಾಕಾ, ಇನ್ನೊಂದೂ ಕಟ್ಲಾ?"

ಪಾಲಾಕ್ಷಪ್ಪನವರು ಎರಡೂ ಕೈಯಲ್ಲಿ ಕತ್ತು ಹಿಡಿದು ಕಿರುಚಿದರು: "ಕೆಳಗಿಡೇ! ಹೋಗಿ ಫಿಸಿಕ್ಸ್ ಓದ್ಕೊಂಡು ಬಾ. ಅಲ್ಲೀತನಕ ನಾನು ಹೀಗೇ ಕೂತಿರ್ತೀನಿ!"