ಲೊಚ್ ಎನ್ನದ ಹಲ್ಲಿ

ಯಾರಾದರೂ ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜವೆಂದು ನಮ್ಮ ಜನ ನಂಬುತ್ತಾರೆ. ಆದರೆ ಗಣಿತದ ಮೇಷ್ಟ್ರು ಶಿವನಂಜಪ್ಪನವರ ಮನೆಯ ಹಲ್ಲಿ ಹುಟ್ಟಿದಾಗಿನಿಂದ ಒಮ್ಮೆಯೂ ಲೊಚಗುಟ್ಟಿರಲಿಲ್ಲ. ಸಾಬೀತಾಗದ ಮಾತಿಗೆ ಸಾಕ್ಷಿ ಹೇಳುವುದು ಅದರ ಜಾಯಮಾನವಲ್ಲ.

ಒಂದು ದಿನ ನೊಣವೊಂದು ಅದರ ಮೂತಿಯ ಮುಂದೆಯೇ ಬಂದು ಕೂತಿತು.

"ಹಲ್ಲಿರಾಯರೇ, ಹತ್ತು ದಿನದಿಂದ ಇಲ್ಲೇ ಹಾರಾಡುತ್ತಿದ್ದೇನೆ, ನೀವು ನನ್ನನ್ನು ಮುಟ್ಟಿಲ್ಲ. ಅಂದಮೇಲೆ ಹಲ್ಲಿಗಳು ನೊಣ ತಿನ್ನುವುದಿಲ್ಲ. ಒಂದು ಸಲ ಲೊಚ್ ಎನ್ನಿ, ನಮ್ಮವರೆಲ್ಲ ನೆಮ್ಮದಿಯಾಗಿರುತ್ತಾರೆ."

"ಈ ಗೋಡೆಯ ಬಿರುಕು ತನ್ನನ್ನು ತಾನೇ ಏಕೆ ದಾಟುವುದಿಲ್ಲ ಎಂದು ಯೋಚಿಸುತ್ತಿದ್ದೆ, ಊಟದ ನೆನಪಾಗಲಿಲ್ಲ," ಎಂದಿತು ಹಲ್ಲಿ. "ನಿನ್ನ ಮಾತು ನಿಜವೆನ್ನಲು ಹತ್ತು ಸಾವಿರ ದಿನವೂ ಸಾಲದು. ಸುಳ್ಳೆನ್ನಲು ಒಂದೇ ನೊಣ ಸಾಕು."

"ಎಲ್ಲಿದೆ ಆ ನೊಣ, ತೋರಿಸಿ!" ಎಂದು ನೊಣ ರೆಕ್ಕೆ ಕೊಡವಿತು.

ಹಲ್ಲಿ ಅದನ್ನು ನುಂಗಿತು. ಕೊನೆಗೂ ಒಂದು ಮಾತು ಇತ್ಯರ್ಥವಾಯಿತೆಂಬ ಸಂತೋಷಕ್ಕೆ ಜನ್ಮದಲ್ಲಿ ಮೊದಲ ಸಲ "ಲೊಚ್" ಎಂದಿತು.

ಕೆಳಗೆ ಊಟಕ್ಕೆ ಕೂತಿದ್ದ ಮೇಷ್ಟ್ರು ಆಗಷ್ಟೇ ಹೆಂಡತಿಗೆ, "ಈ ಊರಲ್ಲಿ ನಿನ್ನ ಹಾಗೆ ಸಾರು ಯಾರೂ ಮಾಡಲ್ಲ ಕಣೇ," ಎಂದಿದ್ದರು.

"ನೋಡಿದ್ರಾ, ಹಲ್ಲಿನೂ ಹೇಳ್ತು!" ಎಂದು ಆಕೆ ಹಿಗ್ಗಿದರು.

ನುಂಗಿದ ನೊಣ ಹಲ್ಲಿಯ ಗಂಟಲಲ್ಲೇ ನಿಂತಿತು. ಹಲ್ಲಿ ಆ ಸಾರಿನ ರುಚಿ ನೋಡಿರಲಿಲ್ಲ, ಊರಿನ ಬೇರೆ ಸಾರುಗಳನ್ನಂತೂ ಕಂಡೇ ಇರಲಿಲ್ಲ!

ಅಂದಿನಿಂದ ಅದು ಮನೆಮನೆಯ ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆಯೊಳಗೆ ಬಗ್ಗಿ ನೋಡುತ್ತಿದೆ. ಜನರಿಗೆ ಗಣಿತ ಎಲ್ಲಿ ಅರ್ಥವಾಗಬೇಕು? ಹಲ್ಲಿ ಕಂಡ ಕೂಡಲೇ ಮುಚ್ಚಳ ಮುಚ್ಚುತ್ತಾರೆ.