ದರ್ಜಿಯ ಮಗಳ ಬೆನ್ನು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಹಾಸ್ಟೆಲಿನ ವಾರ್ಡನ್ ಆಗಿದ್ದ ಯಮುನಾಬಾಯಿ ದೇಸಾಯಿ. ಅವರು ಜೀವಮಾನದಲ್ಲಿ ಆಟದ ಮೈದಾನಕ್ಕೆ ಇಳಿದವರಲ್ಲ. ಇಳಿದಿದ್ದರೆ ಸೀರೆ ಒಣಹಾಕುವುದಕ್ಕೆ ಇಳಿದಿರಬೇಕು. ಆದರೂ ಆಟದ ನಿಯಮ ಒಂದನ್ನೂ ಬಿಡದೆ ಹೇಳಿದರು.

ಒಬ್ಬ ಶಿಷ್ಯೆ ಗುರುವನ್ನು ಕೇಳಿದಳು: "ಗುರುಗಳ, ಎಷ್ಟ ಓಡಿದರೂ ಕೈಗೆ ಸಿಗಲಿಲ್ಲಂದ್ರ ಏನ ಮಾಡಬೇಕು? ಇನ್ನೂ ಜೋರ ಓಡಬೇಕೇನು?"

ಗುರು ಎಂದರೆ ನೀಲಕಂಠ ಮಾಸ್ತರರು. ಊರಿನ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಶಿಷ್ಯೆ ಭಾಗೀರಥಿ. ಅವರ ಕೈಯಲ್ಲೇ ಕಲಿತು, ಈಗ ಪಕ್ಕದ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರು. ಬಂದವಳಿಗೆ ಮಾಸ್ತರರು ಕಟ್ಟೆ ತೋರಿಸಿ ಕೂಡು ಎಂದರು. ಕೂಡುವುದಕ್ಕೆ ವೇಳೆಯಿಲ್ಲ, ಈಗ ಬರುವ ಬಸ್ಸಿಗೇ ಹಿಂದಿರುಗಬೇಕು ಎಂದಳು. ಹೆಗಲ ಚೀಲವನ್ನೂ ಇಳಿಸಲಿಲ್ಲ.

ನಿಂತೇ ತನ್ನ ಕಷ್ಟ ಹೇಳಿಕೊಂಡಳು. ಅವಳ ಶಾಲೆಯ ಮೈದಾನ ಹೆದ್ದಾರಿಗೆ ಹತ್ತಿಕೊಂಡಿದೆ. ಅಲ್ಲಿ ಅಂಗಡಿ ಮಳಿಗೆ ಕಟ್ಟಿಸಬೇಕೆಂದು ಶಾಲೆಯ ಸಮಿತಿಯವರಿಗೆ ಆಸೆ ಹುಟ್ಟಿದೆ. ಸೋಮವಾರ ಸಭೆ. ಸಭೆಯಲ್ಲಿ ಹೂಂ ಎಂದರೆ ಮುಗಿಯಿತು, ಹುಡುಗಿಯರು ಇನ್ನು ವರಾಂಡದಲ್ಲಿ ಕೂತು ಕೇರಂ ಆಡಬೇಕು. ಇದನ್ನು ತಡೆಯಲು ಭಾಗೀರಥಿ ತಟ್ಟದ ಬಾಗಿಲಿಲ್ಲ. ಅಧ್ಯಕ್ಷರನ್ನು ಕೇಳಿದರೆ ಕಾರ್ಯದರ್ಶಿಯನ್ನು ಕೇಳು ಎನ್ನುತ್ತಾರೆ. ಕಾರ್ಯದರ್ಶಿಯ ಮನೆಗೆ ಹೋದರೆ ಅವರು ಈಗತಾನೇ ಅಧ್ಯಕ್ಷರ ಮನೆಗೆ ಹೋದರು ಎನ್ನುತ್ತಾರೆ. ಇವಳು ಮುಂಬಾಗಿಲಿಗೆ ಬಂದರೆ ಅವರು ಹಿತ್ತಲಲ್ಲಿ. ಎದುರಿಗೆ ಸಿಕ್ಕಾಗಂತೂ ಇಬ್ಬರೂ ನಕ್ಕು, ನಿಮ್ಮಂಥ ಟೀಚರು ನಮ್ಮ ಶಾಲೆಗೆ ಭೂಷಣ ಎಂದು ಹೊಗಳಿ ಜಾರಿಕೊಳ್ಳುತ್ತಾರೆ.

ನಿನ್ನ ಜೊತೆಗೆ ಯಾರಿದ್ದಾರೆ ಎಂದು ಮಾಸ್ತರರು ಕೇಳಿದರು.

ಯಾರೂ ಇಲ್ಲ ಎಂದಳು ಭಾಗೀರಥಿ. ಇರುವವರಾದರೂ ಎಂಥವರು? ಹೆಡ್‌ಮಿಸ್ಟ್ರೆಸ್ಸು ತಮ್ಮ ನೆರಳಿಗೂ ಹೆದರಿ ನಮಸ್ಕಾರ ಮಾಡುವವರು. ತಾಯಂದಿರು ಗಂಡಸರ ಮುಂದೆ ಬಾಯಿ ಬಿಡುವವರಲ್ಲ. ಹುಡುಗಿಯರು ಇನ್ನೂ ಮಕ್ಕಳು. ಅಡುಗೆಯ ಹುಸೇನಬಿ ಇದ್ದಾಳೆ. ಅವಳ ಮೊಮ್ಮಗಳು ತಂಡದಲ್ಲಿ ಆಡುತ್ತಾಳೆ, ನಿಜ. ಆದರೆ ಆ ಮುದುಕಿಗೆ ಅನ್ನ ಸಾರು ಬಿಟ್ಟರೆ ಬೇರೇನು ಗೊತ್ತು? ಅಧ್ಯಕ್ಷರು ದಿನಾ ಮಧ್ಯಾಹ್ನ ಅಡುಗೆಮನೆಯ ಕಟ್ಟೆಗೆ ಬಂದು, ಅವಳ ಮುಂದೆ ಕೂತು ಮಜ್ಜಿಗೆ ಕುಡಿದು, ತಾಸುಗಟ್ಟಲೆ ತಮ್ಮ ಸೊಂಟನೋವಿನ ಪುರಾಣ ಹೇಳುತ್ತಾರೆ. ಭಾಗೀರಥಿ ಬರುವುದು ಕಂಡರೆ ಮಾತ್ರ ಸೊಂಟ ನೆಟ್ಟಗಾಗಿ, ಚಪ್ಪಲಿ ಮೆಟ್ಟಿ ನಡೆದುಬಿಡುತ್ತಾರೆ. ಇಂಥವರಿಗೆ ಹೇಳಿ ಏನು ಪ್ರಯೋಜನ ಎಂದು ಅವಳು ಯಾರಿಗೂ ಏನೂ ಹೇಳಿಯೇ ಇಲ್ಲ.

"ಯಾರೂ ಬ್ಯಾಡರಿ," ಎಂದಳು. "ನಾ ಒಬ್ಬಾಕಿನ ಅಡ್ಡ ನಿಲ್ಲತೀನಿ. ಸೋಮವಾರ ತನಕ ಎಷ್ಟ ಓಡಬೇಕೋ ಅಷ್ಟ ಓಡತೀನಿ."

ಮಾಸ್ತರರು, ನಿನ್ನ ಹುಡುಗಿಯರಿಗೆ ಏನೇನು ಆಟ ಕಲಿಸಿದ್ದೀ, ಹೇಳು ಎಂದರು. ಪರೀಕ್ಷೆ ಮಾಡುವ ಹೊತ್ತೇ ಇದು ಎಂದು ಭಾಗೀರಥಿಗೆ ರೇಗಿತು. ಆದರೆ ಗುರು ಕೇಳಿದ ಮೇಲೆ ಹೇಳದೆ ಇರುವಂತಿಲ್ಲ.

ಕಬಡ್ಡಿ ಕಲಿಸಿದ್ದೇನೆ ಎಂದಳು. ನಡುವೆ ಒಂದು ಗೆರೆ. ಒಬ್ಬಳು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ ಎದುರಾಳಿಯ ಅಂಗಳಕ್ಕೆ ನುಗ್ಗಬೇಕು, ಮುಟ್ಟಬೇಕು, ಉಸಿರು ಕಡಿಯುವ ಮೊದಲು ತನ್ನ ಗೆರೆಗೆ ಬಂದು ಬೀಳಬೇಕು. ಬಂದರೆ ಮುಟ್ಟಿಸಿಕೊಂಡವರು ಔಟು, ಹಿಡಿದು ಕೆಡವಿದರೆ ಇವಳೇ ಔಟು. ಎದುರಾಳಿ ಔಟಾದಷ್ಟೂ ನಮ್ಮಲ್ಲಿ ಸತ್ತವರು ಎದ್ದು ಬರುತ್ತಾರೆ. ವಾಲಿಬಾಲ್ ಕಲಿಸಿದ್ದೇನೆ. ಚೆಂಡು ನಮ್ಮ ನೆಲಕ್ಕೆ ಬೀಳಬಾರದು, ಮೂರು ಹೊಡೆತದೊಳಗೆ ಬಲೆಯ ಆಚೆಗೆ ದಾಟಬೇಕು, ಹೊಡೆದವಳೇ ಬೆನ್ನುಬೆನ್ನಿಗೆ ಮತ್ತೆ ಹೊಡೆಯುವಂತಿಲ್ಲ. ಲಗೋರಿ ಚಿಕ್ಕವರಿಗೆ. ಪೇರಿಸಿಟ್ಟ ಕಲ್ಲುಗಳನ್ನು ಚೆಂಡಿನಿಂದ ಕೆಡವಿದವರೇ ಚೆಂಡಿನ ಏಟು ತಪ್ಪಿಸಿಕೊಂಡು ಅದನ್ನು ಮತ್ತೆ ಪೇರಿಸಬೇಕು.

"ಖೋ-ಖೋ?"

"ಅದನ್ನೇನ ಹೇಳೂದರಿ? ಎಲ್ಲಾರಿಗೂ ಬರತೈತಿ."

ಎಲ್ಲರಿಗೂ ಬರುತ್ತದೆಂದೇ ಅದನ್ನು ಯಾರೂ ನೋಡುವುದಿಲ್ಲ ಎಂದು ಮಾಸ್ತರರು ಕತೆ ಶುರು ಮಾಡಿದರು.

ಒಂದು ಊರು. ಊರಿಗೆ ಮೇಲಿನ ಓಣಿ, ಕೆಳಗಿನ ಓಣಿ. ಎರಡಕ್ಕೂ ಸೇರಿ ಇದ್ದದ್ದು ಒಂದೇ ಮೈದಾನ. ವರ್ಷಕ್ಕೊಮ್ಮೆ ಎರಡು ಓಣಿಯ ಹುಡುಗಿಯರು ಖೋ-ಖೋ ಆಡುತ್ತಿದ್ದರು. ಗೆದ್ದವರಿಗೆ ಮುಂದಿನ ವರ್ಷವಿಡೀ ಸಂಜೆ ಹೊತ್ತು ಮೈದಾನ. ಸೋತವರು ಗಟಾರದ ಪಕ್ಕ ಗಾಡಿಗಳ ಸಂದಿಯಲ್ಲಿ ಆಡಿಕೊಳ್ಳಬೇಕು. ಕೆಳಗಿನ ಓಣಿಯವರು ಸೋತು ಸೋತು, ಚೆಂಡು ಯಾರ ಮನೆಯ ಮುಂದಿನ ಗಟಾರಕ್ಕೆ ಬಿದ್ದಿತ್ತೆಂದು ವಾಸನೆಯಿಂದಲೇ ಹೇಳುವ ಹಾಗಾಗಿದ್ದರು.

ಮೇಲಿನ ಓಣಿಯ ಬಲವೆಲ್ಲ ಒಬ್ಬ ಬಳೆಗಾರನ ಮಗಳು. ಆಟದಲ್ಲಿ ಅವಳನ್ನು ಯಾರೂ ಮುಟ್ಟಿ ಔಟು ಮಾಡಿದ್ದಿಲ್ಲ. ಕೆಳಗಿನ ಓಣಿಯಲ್ಲಿ ಒಬ್ಬ ಹಿಟ್ಟಿನ ಗಿರಣಿಯವನ ಮಗಳಿದ್ದಳು. ಓಡುವುದರಲ್ಲಿ ಇಡೀ ಊರಿಗೆ ಅವಳೇ ಮೊದಲು. ಈ ಸಲ ಬಳೆಗಾರನ ಮಗಳನ್ನು ನನ್ನ ಕೈಯಾರೆ ಹಿಡಿಯುತ್ತೇನೆ ಎಂದು ಅವಳು ಗಿರಣಿಯ ಮುಂದೆ ನಿಂತು ಆಣೆಯಿಟ್ಟು ಹೇಳಿದಳು. ಹಿಟ್ಟು ಬೀಸಿಸಲು ಬಂದವರೆಲ್ಲ ಕೇಳಿಸಿಕೊಂಡರು, ಹಾಗಾಗಿ ಇಡೀ ಊರಿಗೆ ಗೊತ್ತಾಯಿತು.

ಆಟಕ್ಕೆ ಒಂಬತ್ತು ಮಂದಿ ಬೇಕು. ಕೆಳಗಿನ ಓಣಿಯಲ್ಲಿ ಆ ವಯಸ್ಸಿನ ಹುಡುಗಿಯರು ಇದ್ದದ್ದೇ ಅಷ್ಟು. ಆದ್ದರಿಂದ ದರ್ಜಿಯ ಮಗಳನ್ನೂ ಸೇರಿಸಿಕೊಂಡರು. ಅವಳದು ಭಾರವಾದ ಮೈ, ನಿಧಾನದ ನಡೆ. ಆಟದ ಹಿಂದಿನ ದಿನ ಗಿರಣಿಯವನ ಮಗಳು ಅವಳನ್ನು ಪಕ್ಕಕ್ಕೆ ಕರೆದು, ಹೆದರಬೇಡ, ನಿನಗೆ ಯಾರೂ ಖೋ ಕೊಡುವುದಿಲ್ಲ, ನೀನು ಸುಮ್ಮನೆ ಕೂತಿದ್ದರೆ ಸಾಕು ಎಂದು ಧೈರ್ಯ ಹೇಳಿದಳು. ದರ್ಜಿಯ ಮಗಳು ಆಗಲಿ ಎಂದಳು.

ಆಟ ಹೀಗೆ. ಎರಡು ಕಂಬ. ಕಂಬಗಳ ನಡುವೆ ಒಂದೇ ಸಾಲಿನಲ್ಲಿ ಎಂಟು ಮಂದಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಒಬ್ಬಳ ಮುಖ ಈ ಕಡೆಗೆ, ಪಕ್ಕದವಳ ಮುಖ ಆ ಕಡೆಗೆ. ಒಂಬತ್ತನೆಯವಳು ಅಟ್ಟುತ್ತಾಳೆ. ತಪ್ಪಿಸಿಕೊಳ್ಳುವವಳು ಕೂತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಅಟ್ಟುವವಳು ನುಸುಳುವಂತಿಲ್ಲ, ಹಿಡಿದ ದಿಕ್ಕಿನಿಂದ ಹಿಂದಕ್ಕೆ ತಿರುಗುವಂತಿಲ್ಲ. ಆಚೆ ಬದಿಗೆ ಹೋಗಬೇಕೆಂದರೆ ಕಂಬದವರೆಗೆ ಓಡಿ ಸುತ್ತಿಕೊಂಡೇ ಬರಬೇಕು. ಇಲ್ಲವೆ, ಆಚೆಗೆ ಮುಖ ಮಾಡಿ ಕೂತವಳ ಬೆನ್ನು ಮುಟ್ಟಿ ಖೋ ಎನ್ನಬೇಕು. ಆಗ ಅವಳು ಎದ್ದು ಅಟ್ಟುತ್ತಾಳೆ. ಮುಟ್ಟಿದವಳು ಅವಳ ಜಾಗದಲ್ಲಿ ಕೂರಬೇಕು. ಖೋ ಬೀಳದೆ ಯಾರೂ ಏಳುವಂತಿಲ್ಲ. ಎದ್ದರೆ ತಪ್ಪು.

ಕೊನೆಯ ಸರದಿಯಲ್ಲಿ ಮೇಲಿನ ಓಣಿಯಿಂದ ಮೂವರು ಓಡಲು ಇಳಿದರು. ಇಬ್ಬರನ್ನು ಗಿರಣಿಯವನ ಮಗಳು ಬೇಗನೆ ಮುಟ್ಟಿದಳು. ಉಳಿದವಳು ಬಳೆಗಾರನ ಮಗಳು. ಅವಳು ಔಟಾದರೆ ಮೈದಾನ, ವೇಳೆ ಮುಗಿದ ಸೀಟಿ ಊದುವವರೆಗೆ ಉಳಿದರೆ ಮತ್ತೆ ಗಟಾರ.

ಗಿರಣಿಯವನ ಮಗಳು ಅಟ್ಟಿದಳು. ಇನ್ನೇನು ಕೈಗೆ ಸಿಕ್ಕಳು ಎನ್ನುವಾಗ ಬಳೆಗಾರನ ಮಗಳು ಸಾಲಿನ ನಡುವೆ ನುಸುಳಿ ಆಚೆಗಾದಳು. ಗಿರಣಿಯವನ ಮಗಳು ಕಂಬ ಸುತ್ತಿ ಬಂದಳು. ಬಳೆಗಾರನ ಮಗಳು ಈಚೆಗಾದಳು. ಮತ್ತೆ ಕಂಬ, ಮತ್ತೆ ನುಸುಳಾಟ. ಒಬ್ಬಳು ಮೈದಾನದ ಉದ್ದಕ್ಕೂ ಓಡುತ್ತಿದ್ದಳು, ಇನ್ನೊಬ್ಬಳು ಒಂದು ಹೆಜ್ಜೆ ಪಕ್ಕಕ್ಕೆ ಇಡುತ್ತಿದ್ದಳು. ಗಿರಣಿಯವನ ಮಗಳು ಖೋ ಕೊಡಲಿಲ್ಲ. ಕೊಟ್ಟರೆ ಕೂರಬೇಕು. ಕೂತರೆ ಹಿಡಿಯುವ ಕೈ ಬೇರೆಯವರದಾಗುತ್ತದೆ.

ಸಾಲಿನಲ್ಲಿ ಕೂತಿದ್ದ ಒಬ್ಬಳಿಗೆ ತಡೆಯಲಾಗಲಿಲ್ಲ. "ನಾವೇನ ಮದುವಿ ಪಂಕ್ತಿಗೆ ಕುಂತೇವೇನವಾ?" ಎಂದು ಕೂತಲ್ಲಿಂದಲೇ ಕೇಳಿದಳು. "ಬಡಸಾಕಿ ಎಲಿ ಮುಂದ ಹಾದ ಹೊಂಟಾಳ, ಹಾದ ಹೊಂಟಾಳ, ಒಂದ ಅಗಳ ಬೀಳವಲ್ಲದು."

ನೋಡುತ್ತ ನಿಂತವರು ನಕ್ಕರು. ಗಿರಣಿಯವನ ಮಗಳು ಸಿಟ್ಟಿನಿಂದ ಇನ್ನೂ ಜೋರಾಗಿ ಓಡಿದಳು. ಕಂಬ ಹಿಡಿದು ತಿರುಗುವಾಗ ಒಂದು ಉಸಿರು ಎಳೆದುಕೊಂಡಳು. ಆಗ ಅವಳ ಕಣ್ಣಿಗೆ ಬಿತ್ತು. ಬಳೆಗಾರನ ಮಗಳು ಪ್ರತಿ ಸಲ ನುಸುಳುತ್ತಿದ್ದದ್ದು ಒಂದೇ ಸಂದಿಯಲ್ಲಿ: ದರ್ಜಿಯ ಮಗಳ ಪಕ್ಕದಲ್ಲಿ. ಆಚೆಗಾದಾಗ ದೂರ ಓಡುತ್ತಲೂ ಇರಲಿಲ್ಲ. ದರ್ಜಿಯ ಮಗಳ ಮುಂದೆಯೇ, ಕೈ ಚಾಚಿದರೆ ತಾಗುವಷ್ಟು ಹತ್ತಿರ ನಿಂತು, ಬಿಚ್ಚಿದ ಜಡೆಯನ್ನು ಸಾವಕಾಶವಾಗಿ ಹೆಣೆದುಕೊಳ್ಳುತ್ತಿದ್ದಳು. ಆ ಸಾಲಿನಲ್ಲಿ ಏಳದ ಬೆನ್ನು ಯಾವುದೆಂದು ಅವಳು ತಿಳಿದುಕೊಂಡಿದ್ದಳು.

ಗಿರಣಿಯವನ ಮಗಳಿಗೆ ಮೊದಲು ಸಿಟ್ಟು ಬಂದದ್ದು ದರ್ಜಿಯ ಮಗಳ ಮೇಲೆ. ಕಲ್ಲಿನ ಹಾಗೆ ಕೂತಿದ್ದಾಳಲ್ಲ ಎನಿಸಿತು. ಆಮೇಲೆ, ಸುಮ್ಮನೆ ಕೂತಿರು ಎಂದು ಅವಳಿಗೆ ಹೇಳಿದವರು ಯಾರೆಂಬುದು ನೆನಪಾಯಿತು.

ಅವಳು ಓಡಿದಳು. ಬಳೆಗಾರನ ಮಗಳು ಎಂದಿನಂತೆ ಅದೇ ಸಂದಿಗೆ ಬಂದು, ಎಂದಿನಂತೆ ನುಸುಳಿ, ಆಚೆ ನಿಂತು ಜಡೆಗೆ ಕೈ ಹಾಕಿದಳು. ಗಿರಣಿಯವನ ಮಗಳು ಈ ಸಲ ಕಂಬದ ಕಡೆ ಹೋಗಲಿಲ್ಲ. ಬಳೆಗಾರನ ಮಗಳಿಗಾಗಿ ಕಾಯ್ದಿಟ್ಟುಕೊಂಡಿದ್ದ ಕೈಯನ್ನು ದರ್ಜಿಯ ಮಗಳ ಬೆನ್ನಿನ ಮೇಲೆ ಇಟ್ಟಳು.

"ಖೋ," ಎಂದಳು.

ದರ್ಜಿಯ ಮಗಳು ಎದ್ದಳು. ಓಡಲಿಲ್ಲ, ಓಡುವ ಅಗತ್ಯವೇ ಬೀಳಲಿಲ್ಲ. ನಿಂತಲ್ಲೇ ಕೈ ಚಾಚಿದಳು. ಬಳೆಗಾರನ ಮಗಳ ಎರಡೂ ಕೈ ಇನ್ನೂ ಜಡೆಯಲ್ಲಿದ್ದವು. ಗಿರಣಿಯವನ ಮಗಳು ಖಾಲಿಯಾದ ಜಾಗದಲ್ಲಿ ಕೂತಳು. ಎದುರಿಗೆ ದರ್ಜಿಯ ಮಗಳ ಲಂಗದ ಅಂಚು ಬಿಟ್ಟರೆ ಬೇರೇನೂ ಕಾಣಿಸಲಿಲ್ಲ. ತಾನು ಆಣೆಯಿಟ್ಟು ಕಾದ ಗಳಿಗೆಯನ್ನು ಅವಳು ನೋಡಲಿಲ್ಲ, ಬರೀ ಔಟಿನ ಸೀಟಿ ಕೇಳಿಸಿಕೊಂಡಳು.

ಆಮೇಲೆ ಬಳೆಗಾರನ ಮಗಳು ಮುಖ ಸಣ್ಣ ಮಾಡಿಕೊಂಡು ದರ್ಜಿಯ ಮಗಳನ್ನು ಕೇಳಿದಳಂತೆ: "ನೀ ಯಾವಾಗ ಏಳೂದ ಕಲ್ತಿ?"

"ಏಳೂದು ಮದಲಿಂದನೂ ಬರತಿತ್ತು," ಎಂದಳು ದರ್ಜಿಯ ಮಗಳು. "ಎಬ್ಬಸವರು ಇರಲಿಲ್ಲ."

ಆ ವರ್ಷ ಕೆಳಗಿನ ಓಣಿಯವರು ಮೈದಾನದಲ್ಲಿ ಆಡಿದರು.

ಮಾಸ್ತರರು ಇಲ್ಲಿಗೆ ನಿಲ್ಲಿಸಿ ತಂಬಿಗೆ ಎತ್ತಿ ನೀರು ಕುಡಿದರು. ಕತೆ ಚೆನ್ನಾಗಿದೆ ಎಂದಳು ಭಾಗೀರಥಿ. ಆದರೆ ಗಿರಣಿಯವನ ಮಗಳಿಗೆ ಮುಟ್ಟುವುದಕ್ಕೆ ಎಂಟು ಬೆನ್ನಿದ್ದವು, ತನ್ನ ಸಾಲಿನಲ್ಲಿ ಯಾರಿದ್ದಾರೆ ಎಂದಳು. ಅಷ್ಟರಲ್ಲಿ ಊರ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡು ಎರಡು ಮೆಟ್ಟಿಲು ಇಳಿದಳು.

ಮಾಸ್ತರರು ಹಿಂದಿನಿಂದ ಕೇಳಿದರು: "ಅಧ್ಯಕ್ಷರು ದಿನಾ ಯಾರ ಮುಂದ ಕುಂತು ಮಜ್ಜಿಗಿ ಕುಡೀತಾರ ಅಂದಿ, ತಂಗಿ?"

ಭಾಗೀರಥಿ ಇಳಿದ ಮೆಟ್ಟಿಲ ಮೇಲೆಯೇ ನಿಂತಳು. ಬಸ್ಸು ಬಂತು, ನಿಂತಿತು, ಹೋಯಿತು. ಅವಳು ಚೀಲ ಇಳಿಸಿ ಕೂತಳು.

ಕೇಳಿದಿರಲ್ಲ, ಇನ್ನು ಇದನ್ನು ಒಬ್ಬರೇ ಹೊತ್ತುಕೊಂಡು ಓಡಬೇಡಿ, ಪಕ್ಕದಲ್ಲಿ ಕೂತವರಿಗೆ ಹೇಳಿ.